ಜೋಳದ ಹಿಟ್ಟಿನ ಬಣ್ಣದ ಕೋಣೆ

ಸಿಂಧನೂರಿನ ಆ ಮನೆಗೆ ನಾನು ಎರಡನೆಯ ಹೆಂಡತಿಯಾಗಿ ಹೋದೆ. ಅಷ್ಟೊತ್ತಿಗೆ ನನಗೆ ಮೂವತ್ತೈದು ದಾಟಿತ್ತು. ಮಸ್ಕಿಯ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನನ್ನು ಮದುವೆಯಾದವರಿಗೆ ಬೀಜ-ಗೊಬ್ಬರದ ಅಂಗಡಿ. ಅವರ ಮೊದಲ ಹೆಂಡತಿ ಕಾಮಾಲೆಯಾಗಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅತ್ತೆ, ಏಳನೆಯ ತರಗತಿಗೆ ಹೋಗುವ ಮಗಳು. ಹುಡುಗಿ ನನ್ನನ್ನು ಚಿಗವ್ವ ಎಂದು ಕರೆಯಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ಅವಳು ಹಾಗೇ ಕರೆಯುತ್ತಿದ್ದಳು, ಆದರೆ ಕರೆಯುವ ಪ್ರಸಂಗವೇ ಬರದ ಹಾಗೆ ನೋಡಿಕೊಳ್ಳುತ್ತಿದ್ದಳು.

ಮಲಗುವ ಕೋಣೆಯ ಮೂರು ಗೋಡೆಗಳು ಗಿಣಿಹಸಿರು. ಮಂಚದ ಹಿಂದಿನ ಗೋಡೆ ಗುಲಾಬಿ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ. ಅಲಮಾರಿಯ ಬಾಗಿಲು ನೇರಳೆ, ಪರದೆ ಕಡುಗೆಂಪು. ಛತ್ತಿನ ಸುತ್ತ ಮಾಡಿಸಿದ್ದ ಅಂಚಿನೊಳಗೆ ನೀಲಿ ಲೈಟು. ದೀಪ ಆರಿಸಿದರೂ ಆ ಬಣ್ಣಗಳೆಲ್ಲ ಎಚ್ಚರವಾಗಿಯೇ ಇವೆ ಎಂದು ನನಗೆ ಅನಿಸುತ್ತಿತ್ತು. ತೀರಿಹೋದವಳ ಕೋಣೆಯೆಂಬ ಭಯ ನನಗಿರಲಿಲ್ಲ. ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ.

ನಾನು ಬೆಳೆದದ್ದು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದ. ಸುಣ್ಣ ಬಳಿದ ಗೋಡೆ, ಕಿಟಕಿಗೆ ಅವ್ವ ಕಟ್ಟಿದ ಗೋಣಿತಾಟು, ನೆಲದ ಮೇಲೆ ಕರಿ ಕಂಬಳಿ. ಅಷ್ಟು ಬಿಟ್ಟರೆ ಆ ಕೋಣೆಯಲ್ಲಿ ಕಣ್ಣಿಗೆ ಹೊಡೆಯುವಂಥದ್ದು ಏನೂ ಇರಲಿಲ್ಲ. ನಾವು ಮಕ್ಕಳು ಹೊರಗೆ ಪಿಸುಮಾತಿನಲ್ಲಿ ಆಡುತ್ತಿದ್ದೆವು. ಭೂಮಿಯ ಹೊಟ್ಟೆಯಿಂದ ಎದ್ದು ಬಂದ ಮನುಷ್ಯ ಅಲ್ಲಿ ಕಲ್ಲಿನಂತೆ ನಿದ್ದೆ ಹೋಗುತ್ತಿದ್ದ. ನೆಮ್ಮದಿ ಎಂದರೆ ಇಂಥದೇ ಬಣ್ಣದ್ದು ಎಂದು ನನಗೆ ಆಗಲೇ ಮನಸ್ಸಿನಲ್ಲಿ ಕೂತಿರಬೇಕು.

ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುವಾಗ ವಿಷಯ ತೆಗೆದೆ. "ಮಲಗೋ ಖೋಲಿಗೆ ಬ್ಯಾರೆ ಬಣ್ಣ ಹಚ್ಚಸ್ಬೇಕಂತೀನ್ರಿ."

"ಹಚ್ಚಸು," ಎಂದರು ಮನೆಯವರು. ಪೇಪರಿನಿಂದ ತಲೆ ಎತ್ತಲಿಲ್ಲ.

ನಾನು ವಾದಕ್ಕೆ ತಯಾರಾಗಿ ಕೂತಿದ್ದೆ. ಇಷ್ಟು ಬೇಗ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ವರ್ಷಗಟ್ಟಲೆ ಅಡ್ಡಾಡಿದವಳು ನಾನು. ಕೇಳುವ ಮೊದಲೇ ಉತ್ತರ ಕೊಡುವ ಹುಡುಗರ ಬೆಂಚಿನ ಕೆಳಗೆ ನಾನು ತಪ್ಪದೆ ಬಗ್ಗಿ ನೋಡುತ್ತೇನೆ.

"ಯಾವ ಬಣ್ಣ?" ಅತ್ತೆ ಕೇಳಿದರು.

"ಎಲ್ಲಾ ಒಂದ ಬಣ್ಣರೀ ಅತ್ತಿ. ಗ್ವಾಡಿ, ಪರದೆ, ಹಾಸಗಿ ಎಲ್ಲಾ. ಸ್ವಲ್ಪ ತಿಳಿ, ಸ್ವಲ್ಪ ದಟ್ಟ, ಅಷ್ಟ. ಜ್ವಾಳದ ಹಿಟ್ಟಿನ ಬಣ್ಣ."

"ಹಿಟ್ಟಿನ ಬಣ್ಣ ಗಿರಣ್ಯಾಗ ಇರತೈತಿ. ಗಂಡ-ಹೆಂಡತಿ ಮಲಗೋ ಖೋಲ್ಯಾಗ ಅದ್ಯಾಕ?" ಎಂದರು. ಆಮೇಲೆ ಮಗನ ಕಡೆ ನೋಡಿದರು. "ಮಸ್ಕ್ಯಾಗ ಒಂದ ಮಾತ ಹೇಳಬೇಕಾಕ್ಕೈತಿ."

ಆ ಮನೆಯಲ್ಲಿ ಮಸ್ಕಿ ಎಂದರೆ ನಾನು ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುವ ಊರಲ್ಲ. ತೀರಿಹೋದವಳ ತವರು. ಅಲ್ಲಿ ಅವಳ ತಾಯಿ ಇದ್ದರು. ಹುಡುಗಿ ಅವರನ್ನು ಆಯಿ ಎನ್ನುತ್ತಿದ್ದಳು. ಮಗ-ಸೊಸೆ-ಮೊಮ್ಮಕ್ಕಳ ಜೊತೆ, ಬಸ್‌ಸ್ಟ್ಯಾಂಡಿನ ಹತ್ತಿರ ಮಗ ನಡೆಸುವ ಹೋಟೆಲಿನ ಮಾಳಿಗೆಯ ಮೇಲೆ ಅವರ ವಾಸ. ನನ್ನ ಮದುವೆಯಾದ ಮೇಲೆ ಒಮ್ಮೆ ಬಂದು ಉಡಿ ತುಂಬಿ ಹೋಗಿದ್ದರು. ಹೋಗುವಾಗ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದ್ದರು, ಕಾಲಿಟ್ಟಿರಲಿಲ್ಲ.

ನನ್ನ ಕೋಣೆಯ ಬಣ್ಣಕ್ಕೆ ಅವರ ಅಪ್ಪಣೆ ಯಾಕೆ ಬೇಕು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಆದರೆ ಆವತ್ತಿನಿಂದ ಆ ಮನೆಯಲ್ಲಿ ನನಗೆ ಕಾಣದ ಹಾಗೆ ಏನೋ ನಡೆದಿದೆ ಎಂಬ ಗುಮಾನಿ ಹೊಕ್ಕಿತು.

ಲಿಂಗಸುಗೂರಿನಲ್ಲಿ ನನ್ನ ಅಣ್ಣನ ಮನೆ. ಅಲ್ಲಿಗೆ ಹೋದಾಗ ಬಣ್ಣದ ಅಂಗಡಿಯಿಂದ ಮಾದರಿ ಪಟ್ಟಿ ತಂದೆ. ಅದರಲ್ಲಿನ ಇಂಗ್ಲಿಷ್ ಹೆಸರುಗಳಿಂದ ಏನೂ ತಿಳಿಯುತ್ತಿರಲಿಲ್ಲ. ನಾನೇ ಹೆಸರಿಟ್ಟುಕೊಂಡೆ: ಜೋಳದ ಹಿಟ್ಟು, ನೆನೆಹಾಕಿದ ಅಕ್ಕಿ, ಆರಿದ ಬೂದಿ, ಒಗೆಯದ ಖಾದಿ. ನಾಲ್ಕು ಬಣ್ಣವನ್ನೂ ಸಣ್ಣ ಸಣ್ಣ ತೇಪೆಯಾಗಿ ಗೋಡೆಗೆ ಹಚ್ಚಿಸಿ ಕೆಲವು ದಿನ ಬಿಟ್ಟೆ. ಹಗಲು ಬಲು ತಣ್ಣಗೆ ಕಂಡ ಬೂದಿ ಬಣ್ಣ ಸಂಜೆ ಟ್ಯೂಬ್‌ಲೈಟಿನಲ್ಲಿ ದವಾಖಾನೆಯ ನೀಲಿಗೆ ತಿರುಗಿತು. ಅದನ್ನು ಬಿಟ್ಟೆ. ಒಳಗೆ ತುಸು ಹಳದಿ ಇದ್ದ ಹಿಟ್ಟಿನ ಬಣ್ಣ ಯಾವ ಬೆಳಕಿನಲ್ಲೂ ಕೆಡಲಿಲ್ಲ. ಮೂರು ಗೋಡೆಗೆ ಅದು, ಮಂಚದ ಹಿಂದೆ ಅದಕ್ಕಿಂತ ಒಂದು ಛಾಯೆ ದಟ್ಟ, ಛತ್ತಿಗೆ ಇನ್ನೂ ತಿಳಿ. ಅತ್ತೆ ಬಂದು ತೇಪೆಗಳ ಮುಂದೆ ನಿಂತು, "ಇದರಾಗ ಆರಿಸೋದು ಏನೈತವ್ವ? ನಾಕೂ ಒಂದ ಅದಾವಲ್ಲ," ಎಂದು ಹೋದರು.

ಸೋಮವಾರ ಬರುತ್ತೇನೆಂದ ಪೇಂಟರ್ ಬರಲಿಲ್ಲ. ಶಾಲೆಯಿಂದಲೇ ಫೋನ್ ಮಾಡಿದೆ.

"ನಿಮ್ಮ ಮನ್ಯಾಗಿಂದನ ಫೋನ್ ಬಂದಿತ್ರಿ ಟೀಚರ. ಎಂಟ ದಿನ ಬಿಟ್ಟ ಬಾ ಅಂದ್ರು."

"ಯಾರಂದ್ರು?"

"ಹೆಣ್ಮಗಳ ದನಿ ಇತ್ರಿ. ನೀವ ಅಂದ್ಕೊಂಡೆ."

ಸಂಜೆ ಮನೆಗೆ ಬಂದು ಇಬ್ಬರ ಮುಖವನ್ನೂ ನೋಡಿದೆ. ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಹುಡುಗಿ ನಕಾಶೆ ಬಿಡಿಸುತ್ತಿದ್ದಳು. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಇಷ್ಟು ಏನೂ ಇಲ್ಲದ ಮುಖ ಸುಮ್ಮನೆ ಬರುವುದಿಲ್ಲ ಎಂದುಕೊಂಡೆ.

ಅದೇ ವಾರ ಇನ್ನೊಂದಾಯಿತು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿಯುತ್ತಿದ್ದಾಗ ಎದುರಿಗೆ ಸಿಂಧನೂರಿನ ಬಸ್ಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕ ಕೂತ ಮುದುಕಿಯೊಬ್ಬರು ನನ್ನನ್ನು ಕಂಡ ಕೂಡಲೇ ಸೆರಗು ಮುಖಕ್ಕೆ ಎಳೆದುಕೊಂಡರು. ಆಯಿಯೇ ಇರಬೇಕು ಅನಿಸಿತು. ಸಂಜೆ, "ಇವತ್ತ ಯಾರರ ಬಂದಿದ್ರೇನ್ರಿ?" ಎಂದು ಅತ್ತೆಯನ್ನು ಕೇಳಿದೆ. "ಯಾರ ಬರ್ತಾರವ್ವ ನಮ್ಮ ಮನಿಗೆ," ಎಂದರು.

ಕಡೆಗೂ ಪೇಂಟರ್ ಬಂದ. ಹಸಿರು ಹೋಯಿತು, ಗುಲಾಬಿ ಹೋಯಿತು. ಅಲಮಾರಿಯ ನೇರಳೆಯ ಮೇಲೆ ಮರದ ತಿಳಿಬಣ್ಣದ ಹಾಳೆ ಅಂಟಿಸಿದೆವು. ಲಿಂಗಸುಗೂರಿನ ಬಜಾರದಿಂದ ದಪ್ಪ ಖಾದಿಯ ಪರದೆ ತಂದೆ. ಹಾಸಿಗೆಗೆ ಕೆನೆ ಬಣ್ಣದ ಚಾದರ, ದಿಂಬುಗಳಿಗೆ ಅದೇ ಬಣ್ಣದ ಗಲೀಪು. ಮುದಗಲ್ ಸಂತೆಯಲ್ಲಿ ಕುರಿಯ ಉಣ್ಣೆಯ ಬೂದುಬಣ್ಣದ ಕಂಬಳಿ ಸಿಕ್ಕಿತು, ಬಣ್ಣ ಹಾಕದ್ದು. ಅದನ್ನು ಮಂಚದ ಪಕ್ಕ ನೆಲಕ್ಕೆ ಹಾಸಿದೆ. ಎಲ್ಲವೂ ಒಂದೇ ಬಣ್ಣವಾದಾಗ ಕಣ್ಣು ಬೇರೆ ಸಂಗತಿಗಳನ್ನು ನೋಡಲು ಶುರುಮಾಡುತ್ತದೆ. ಖಾದಿಯ ಒರಟು, ಉಣ್ಣೆಯ ಗಂಟು, ಗೋಡೆಯ ಮೇಲೆ ಜರುಗುವ ಬಿಸಿಲು. ಆ ಕೋಣೆಯಲ್ಲಿ ನಾನು ಮೊದಲ ಸಲ ಬೆಳಗಿನ ತನಕ ಮಲಗಿದೆ.

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಬಂದು ನೋಡಿದರೆ ಕುರ್ಚಿಯ ಬೆನ್ನಿಗೆ ಕಿತ್ತಳೆ ಬಣ್ಣದ ಟವೆಲು. ಮನೆಯವರದಿರಬಹುದೆಂದು ಮಡಿಸಿ ಹೊರಗಿಟ್ಟೆ. ಮುಂದಿನ ವಾರ ಕಿಟಕಿಯ ಕಟ್ಟೆಯ ಮೇಲೆ ಕೆಂಪು ಹಣಿಗೆ. ಮತ್ತೊಂದು ದಿನ ನನ್ನ ದಿಂಬಿನ ಮೇಲೆ ಗುಲಾಬಿ ಬಣ್ಣದ ಗಲೀಪು, ಅಂಚಿಗೆ ಹಸಿರು ದಾರದ ಹೂವು. ಒಳಗೆ ನನ್ನ ಕೆನೆ ಬಣ್ಣದ ಗಲೀಪು ಹಾಗೆಯೇ ಇತ್ತು. ಮೇಲಿನದನ್ನು ತೆಗೆದು ಒಗೆಯುವ ಬಟ್ಟೆಯಲ್ಲಿ ಹಾಕಿದೆ. ಒಗೆದು ಒಣಗಿ ಅದು ಯಾರ ಕೈಗೆ ಹೋಯಿತೋ, ಕೆಲವೇ ದಿನಗಳಲ್ಲಿ ಮತ್ತೆ ದಿಂಬಿನ ಮೇಲಿತ್ತು. ಒಮ್ಮೆ ಮಂಚದ ಕೆಳಗೆ ಬಸ್ಸಿನ ಚೀಟಿ ಸಿಕ್ಕಿತು, ಮಸ್ಕಿಯಿಂದ ಸಿಂಧನೂರಿಗೆ. ನನ್ನದೇ ಬಿದ್ದಿರಬೇಕೆಂದು ಬಿಸಾಡಿದೆ. ಕೋಣೆಯಲ್ಲಿ ಆಗಾಗ ನೋವಿನ ಮುಲಾಮಿನ ವಾಸನೆ ಬೇರೆ.

ನನಗೆ ಅರ್ಥವಾಗಿದ್ದು ಇಷ್ಟು: ಯಾರೋ ನನ್ನ ಕೋಣೆಯೊಳಗೆ ಬಣ್ಣಗಳನ್ನು ಒಂದೊಂದಾಗಿ ವಾಪಸು ತಂದಿಡುತ್ತಿದ್ದಾರೆ. ಬಾಯಿಬಿಟ್ಟು ಹೇಳಲಾರದ್ದನ್ನು ಹೀಗೆ ಹೇಳುತ್ತಿದ್ದಾರೆ. ಹುಡುಗಿಯ ಮೇಲೆ ಸಂಶಯ ಹೋಯಿತು.

"ಈ ಗಲೀಪ ಯಾರ ಹಾಕ್ಯಾರವ್ವ?" ಎಂದು ಮೆತ್ತಗೆ ಕೇಳಿದೆ.

"ನನಗ್ಗೊತ್ತಿಲ್ಲ ಚಿಗವ್ವ." ಪುಸ್ತಕದಿಂದ ತಲೆ ಎತ್ತಲಿಲ್ಲ. ಅಪ್ಪನ ಹಾಗೇ, ಬಲು ಬೇಗ ಉತ್ತರ.

ಮನೆಯವರನ್ನು ಕೇಳಿದೆ. "ಸಣ್ಣ ಸಣ್ಣ ಮಾತಿಗೆ ಯಾಕ ತಲಿ ಕೆಡಿಸ್ಕೊಂತಿ?" ಎಂದರು. ಅವರಿಗೂ ಗೊತ್ತಿದೆ ಎಂದು ಆಗ ಖಾತ್ರಿಯಾಯಿತು. ಮನೆಯಲ್ಲಿ ಮೂವರು ಒಂದು ಕಡೆ, ನಾನೊಬ್ಬಳೇ ಇನ್ನೊಂದು ಕಡೆ.

ಒಂದು ದಿನ ಮುಖ್ಯಗುರುಗಳಿಗೆ ಹೇಳಿ ಮಧ್ಯಾಹ್ನ ರಜೆ ಹಾಕಿ ಹೊರಟೆ. ಬಸ್ಸು ಬಳಗಾನೂರಿನ ಕಡೆಯಿಂದ ಬಂದ ನಾಟಿಯ ಹೆಣ್ಣಾಳುಗಳಿಂದ ತುಂಬಿತ್ತು. ಕಾಲಿಡಲು ಜಾಗವಿರಲಿಲ್ಲ. ನಿಂತುಕೊಂಡೇ ಮನಸ್ಸಿನಲ್ಲಿ ಮಾತು ಜೋಡಿಸುತ್ತಾ ಬಂದೆ. ಹುಡುಗಿಗೆ ಹೀಗೆ ಹೇಳಬೇಕು, ಅತ್ತೆಗೆ ಹೀಗೆ.

ಮನೆಯ ಬಾಗಿಲಲ್ಲಿ ನೀಲಿ ಪಟ್ಟಿಯ ಸಣ್ಣ ಹವಾಯಿ ಚಪ್ಪಲಿ ಇದ್ದವು. ನಮ್ಮ ಮನೆಯವಲ್ಲ. ಒಳಗೆ ಕಾಲಿಡುತ್ತಿದ್ದಂತೆ ಅತ್ತೆ ಅಡುಗೆಮನೆಯಿಂದ ಬಂದು ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ಇಷ್ಟೊತ್ತಿನ್ಯಾಗ ಯಾಕ ಬಂದಿ? ಆರಾಮಿಲ್ಲೇನು?"

"ಆರಾಮದೀನ್ರಿ. ಸೀರಿ ಬದಲಿ ಮಾಡತೀನಿ, ಸರೀರಿ."

"ಸ್ವಲ್ಪ ಕುಂಡ್ರು. ಚಾ ಮಾಡತೀನಿ."

"ಒಳಗ ಯಾರದಾರ್ರಿ ಅತ್ತಿ?"

ಅವರ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. "ಮಲಗ್ಯಾರ," ಎಂದರು. "ಎಬ್ಬಸಬ್ಯಾಡ."

ಬಾಗಿಲು ತಳ್ಳಿದೆ. ಪರದೆ ಎಳೆದಿತ್ತು. ಹಿಟ್ಟಿನ ಬಣ್ಣದ ಆ ಅರೆಬೆಳಕಿನಲ್ಲಿ ಮಸ್ಕಿಯ ಆಯಿ ಮಂಚದ ಅಂಚಿನಲ್ಲಿ ಮೊಣಕಾಲು ಮಡಚಿಕೊಂಡು ಮಲಗಿದ್ದರು. ಇನ್ನೊಬ್ಬರಿಗೆ ಜಾಗ ಬಿಟ್ಟವರ ಹಾಗೆ ತೀರ ಅಂಚಿನಲ್ಲಿ. ಮೈ ಕೆಳಗೆ ಕಿತ್ತಳೆ ಟವೆಲು ಹಾಸಿಕೊಂಡಿದ್ದರು. ತಲೆಯ ಕೆಳಗಿನ ದಿಂಬಿಗೆ ಆ ಗುಲಾಬಿ ಗಲೀಪು ಹಾಕಿಕೊಂಡಿದ್ದರು. ತಲೆಗೆ ಕೊಬ್ಬರಿಎಣ್ಣೆ, ಕಾಲಿಗೆ ಮುಲಾಮು. ನನ್ನ ಚಾದರಕ್ಕೆ, ನನ್ನ ದಿಂಬಿಗೆ ಜಿಡ್ಡು ಹತ್ತಬಾರದೆಂದು ಅವೆರಡನ್ನೂ ಚೀಲದಲ್ಲಿ ಮಸ್ಕಿಯಿಂದ ತರುತ್ತಿದ್ದರು. ಎದ್ದು ಬಸ್ಸಿಗೆ ಓಡುವ ಅವಸರದಲ್ಲಿ ಒಮ್ಮೊಮ್ಮೆ ಮರೆತು ಬಿಟ್ಟುಹೋಗುತ್ತಿದ್ದರು. ಇಷ್ಟನ್ನೂ ಅತ್ತೆ ನನ್ನ ಬೆನ್ನಹಿಂದೆ ನಿಂತು ಪಿಸುಗುಟ್ಟಿದರು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ.

ಆಯಿಗೆ ಎಚ್ಚರವಾಯಿತು. ನನ್ನನ್ನು ಕಂಡು ಗಡಬಡಿಸಿ ಎದ್ದು, ಮೊದಲು ಮಾಡಿದ ಕೆಲಸ ಚಾದರದ ಸುಕ್ಕು ಸರಿಪಡಿಸಿದ್ದು.

"ತಪ್ಪ ತಿಳ್ಕೋಬ್ಯಾಡ ತಂಗಿ. ಬಸ್ ಪುಕ್ಕಟೆ ಆದಾಗಿಂದ ಬರಾಕತ್ತೀನಿ. ನಮ್ಮ ಮನ್ಯಾಗ ಹಗಲೆಲ್ಲಾ ಕೆಳಗ ಹೋಟೆಲ್ ಗದ್ದಲ, ಮ್ಯಾಲ ಟಿವಿ ಗದ್ದಲ. ಇಲ್ಲೆ ಒಂದೆರಡು ತಾಸ ಮಲಗಿದ್ರ ಮೈ ಹಗುರ ಆಕ್ಕೈತಿ."

"ನಾ ಬರೂಕಿಂತ ಮೊದಲಿಂದೂ ಬರತಿದ್ರೇನ್ರಿ?"

"ಬರತಿದ್ದೆ. ನೀ ಬಂದ ಮ್ಯಾಲೆ ಬಿಡಬೇಕಂದೆ. ಆಗಲಿಲ್ಲ." ಗೋಡೆಯ ಮೇಲೆ ಕೈ ಆಡಿಸಿದರು. "ಬಣ್ಣ ಬದಲಿ ಮಾಡತಾಳಂತ ಅಂದ್ರು. ಒಮ್ಮೆ ನೋಡಿ ಹೋಗತೀನಿ, ಅಲ್ಲೀತನಾ ತಡೀರಿ ಅಂತ ನಾನ ಹೇಳಿದ್ದೆ ನಿಮ್ಮತ್ತಿಗೆ. ನೋಡಿದೆ. ಅಕಿಗೂ ಆ ಹಸರ ಅಷ್ಟೇನ ಸೇರತಿದ್ದಿಲ್ಲ. ಈಗ ತಣ್ಣಗಾಗೇತಿ. ಚೊಲೊ ಆಗೇತಿ."

ಅಷ್ಟು ಹೇಳಿ ಹೊರಟುಬಿಟ್ಟರು. ಚಹಾ ಕುಡಿಯಲಿಲ್ಲ.

ಸಂಜೆ ಹುಡುಗಿಯನ್ನು ಕೇಳಿದೆ, ಅವಳವ್ವನಿಗೆ ಹಸಿರು ಸೇರುತ್ತಿರಲಿಲ್ಲವೇ ಎಂದು. "ಅವ್ವಗ ಹಸರ ಅಂದ್ರ ಭಾಳ ಸೇರತಿತ್ತು. ಆ ಬಣ್ಣ ಅಕಿನ ಆರಿಸಿದ್ಲು," ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಯಿ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದರೋ, ಹುಡುಗಿಗೆ ಸರಿಯಾಗಿ ನೆನಪಿಲ್ಲವೋ, ಅಥವಾ ತೀರಿಹೋದವಳೇ ತಾಯಿಯ ಹತ್ತಿರ ಒಂದು, ತನ್ನ ಮಗಳ ಹತ್ತಿರ ಒಂದು ಹೇಳಿದ್ದಳೋ, ನನಗೆ ಇವತ್ತಿಗೂ ತಿಳಿದಿಲ್ಲ.

ಸಿಟ್ಟು ಬಂದಿದ್ದು ಗಂಡನ ಮೇಲೆ. ಅಂಗಡಿಯಿಂದ ಬಂದವರನ್ನು ಕೋಣೆಯಲ್ಲೇ ಕೂರಿಸಿ ಕೇಳಿದೆ. "ಮೂರು ಮಂದಿ ಸೇರಿ ನನಗ ಯಾಕ ಮುಚ್ಚಿಟ್ರಿ?"

"ಹೆಂಗ ಹೇಳಬೇಕು? ನಿನ್ನ ಹಾಸಗಿ ಮ್ಯಾಲ ಅಕಿ ತಾಯಿ ಬಂದ ಮಲಗತಾಳ ಅಂತ ಹೇಳಿದ್ರ ನೀ ಏನ ಅನ್ನತಿದ್ದಿ?"

"ಕೇಳಿದ್ರ ಗೊತ್ತಾಗತಿತ್ತು. ಬಣ್ಣ ಬದಲಿ ಮಾಡೋಣಂದಾಗ ಅಷ್ಟ ಲಗೂನ ಹೂಂ ಅಂದ್ರಿ. ಅದ್ಯಾಕ?"

ಅವರು ಕಂಬಳಿಯ ಮೇಲೆ ಹೆಬ್ಬೆರಳು ಉಜ್ಜುತ್ತಾ ಕೂತರು. "ಆ ಹಸರ ನೋಡಿ ನೋಡಿ ನನಗೂ ಸಾಕಾಗಿತ್ತು. ನಾ ಬದಲಿ ಮಾಡಿದ್ರ ಇಷ್ಟ ಲಗೂ ಮರತ ಅಂತಿದ್ರು ಎಲ್ಲಾರೂ."

"ಅದಕ ನನ್ನ ಮ್ಯಾಲ ಹಾಕಿದ್ರಿ."

"ಹೂಂ," ಎಂದರು.

ನನ್ನ ಗುಮಾನಿ ತೀರ ಸುಳ್ಳಾಗಿರಲಿಲ್ಲ ಎಂದು ತಿಳಿದು ಸಮಾಧಾನವೇನೂ ಆಗಲಿಲ್ಲ. ಕೆಲವು ದಿನ ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಆಮೇಲೆ ತಾನಾಗಿ ಸರಿಹೋಯಿತು, ಯಾವಾಗ ಎಂದು ಹೇಳಲು ಬರುವುದಿಲ್ಲ.

ಆದರೆ ಆಯಿ ಬರುವುದು ನಿಂತಿತು. ವಾರಗಳು ಕಳೆದವು. ಹುಡುಗಿ ಊಟದ ಹೊತ್ತಿಗೆ ಆಯಿಯ ಹೆಸರೆತ್ತಿ ನನ್ನ ಕಡೆ ನೋಡಿ ಮಾತು ಬದಲಿಸುತ್ತಿದ್ದಳು. ನಾನೇ ಬೇಡ ಅಂದಿದ್ದೇನೆಂದು ಎಲ್ಲರೂ ತಿಳಿದಂತಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯಿಂದ ನಡೆದು ಹೋಟೆಲಿನ ಮಾಳಿಗೆ ಹತ್ತಿದೆ. ಹುಡುಗಿ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಾಳೆ, ಹೇಳಿಹೋಗಲು ಬಂದೆ ಎಂದೆ. ಆ ಮನೆಯ ಸೊಸೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎರಡನೆಯ ಹೆಂಡತಿಗೆ ಈ ಮನೆಯಲ್ಲಿ ಏನು ಕೆಲಸ ಎಂಬ ಪ್ರಶ್ನೆ ಅವಳ ಕಣ್ಣಿನಲ್ಲಿತ್ತು. ಕೆಳಗೆ ಹಿಟ್ಟು ರುಬ್ಬುವ ಯಂತ್ರ ನೆಲ ನಡುಗುವ ಹಾಗೆ ತಿರುಗುತ್ತಿತ್ತು. ಟಿವಿಯ ಮುಂದೆ ಮಕ್ಕಳು ಜಗಳಾಡುತ್ತಿದ್ದವು. ಆಯಿಯ ಹಾಸಿಗೆ ಗೋಡೆಯ ಮೂಲೆಗೆ ಸುತ್ತಿಟ್ಟಿತ್ತು.

ಕಳಿಸಲು ಆಯಿ ಮೆಟ್ಟಿಲ ತನಕ ಬಂದರು. ಅಲ್ಲಿ ನಿಂತು ಹೇಳಿದೆ, "ಬರ್ರಿ ಆಯಿ. ಯಾರೂ ಬ್ಯಾಡ ಅಂದಿಲ್ಲ. ಬರೋ ದಿನ ನನಗೊಂದ ಮಾತ ಹೇಳ್ರಿ, ಅಷ್ಟ."

ಅವರು ತಲೆ ಅಲ್ಲಾಡಿಸಿದರು. "ಹೇಳಿ ಬಂದ್ರ ಬೀಗರ ಮನಿಗೆ ಬಂದಂಗ ಆಕ್ಕೈತಿ ತಂಗಿ. ಹೇಳದ ಬಂದ್ರ ಮಗಳ ಮನಿ."

ನಾನು ಗಣಿತದವಳು, ಲೆಕ್ಕ ಸರಿಹೋಗದಿದ್ದರೆ ಸುಮ್ಮನಿರುವವಳಲ್ಲ. ಆದರೆ ಆ ಲೆಕ್ಕವನ್ನು ಹಾಗೇ ಬಿಟ್ಟೆ. "ಹಂಗ ಬರ್ರಿ," ಎಂದೆ.

ಮತ್ತೆ ಬರತೊಡಗಿದರು. ನಾನು ಅಲಮಾರಿಯ ಕೆಳಗಿನ ಖಾನೆ ಖಾಲಿ ಮಾಡಿ ಅವರ ಟವೆಲು, ಗಲೀಪು, ಮುಲಾಮು ಅಲ್ಲಿಟ್ಟೆ. ಹೊತ್ತು ತರುವುದು ತಪ್ಪಲಿ ಎಂದು. ಆ ಖಾನೆಯಲ್ಲಿ ಈಗ ಒಂದು ನೇರಳೆ ಎಲೆಅಡಿಕೆ ಚೀಲವೂ ಸೇರಿದೆ.

ಹೋದ ತಿಂಗಳು ಮಸ್ಕಿಯ ಬಜಾರದಲ್ಲಿ ಆಯಿಯ ಸೊಸೆ ಸಿಕ್ಕಳು. ತರಕಾರಿ ಗಾಡಿಯ ಮುಂದೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅಕ್ಕಾರ, ಒಂದ ಮಾತ. ನಮ್ಮತ್ತಿ ವಾರಕ್ಕೊಮ್ಮೆ ಮಠಕ್ಕ ಹೋಗತೀನಿ ಅಂತ ಹೋಗತಾರ. ಮಠದಾಗ ಕೇಳಿದ್ರ ಬಂದೇ ಇಲ್ಲ ಅಂತಾರ. ನಿಮ್ಮ ಮನಿಗೇನರ ಬರತಾರೇನು?"

ಅವಳ ಕಣ್ಣುಗಳು ನನ್ನ ಮುಖವನ್ನು ಬಿಡದೆ ಹುಡುಕುತ್ತಿದ್ದವು. ಆ ನೋಟ ನನಗೆ ಚೆನ್ನಾಗಿ ಗೊತ್ತು.

"ನನಗೇನ ಗೊತ್ತವ್ವ," ಎಂದೆ. "ಹಗಲೆಲ್ಲಾ ನಾ ಇಲ್ಲೇ ಸಾಲ್ಯಾಗ ಇರತೀನಲ್ಲ."

ಅವಳು ನಂಬಿದಳೋ ಇಲ್ಲವೋ, ಬದನೆಕಾಯಿ ಆರಿಸಲು ಬಗ್ಗಿದಳು. ನಾನೂ ಪಕ್ಕದಲ್ಲಿ ನಿಂತು ಅರ್ಧ ಕಿಲೊ ಹೀರೇಕಾಯಿ ತೂಗಿಸಿಕೊಂಡು ಶಾಲೆಯ ಕಡೆ ನಡೆದೆ.